ಕಡಿಮೆ ಬೆಲೆಯ ಎಲೆಕ್ಟ್ರಿಕ್ ಸ್ಕೂಟರ್ ಕೊಳ್ಳುವ ಮುಂಚೆ
ಮೊದಲು ನಿಮ್ಮ ದಿನದ ಓಡಾಟ ಲೆಕ್ಕ ಹಾಕಿ. ಕಂಪನಿ ಹೇಳುವ ರೇಂಜ್ (ಒಂದು ಸಲ ಚಾರ್ಜ್ ಮಾಡಿದರೆ ಓಡುವ ದೂರ) ಸಾಮಾನ್ಯವಾಗಿ ಪೂರ್ತಿ ಸಿಗುವುದಿಲ್ಲ, ಹಿಂದೆ ಒಬ್ಬರನ್ನು ಕೂರಿಸಿಕೊಂಡು ಫ್ಲೈಓವರ್ ಹತ್ತಿಸಿದರೆ ಇನ್ನೂ ಇಳಿಯುತ್ತದೆ, ಹಾಗಾಗಿ ಬೇಕಾದದ್ದಕ್ಕಿಂತ ಜಾಸ್ತಿ ಇರುವ ಗಾಡಿಯನ್ನೇ ನೋಡಿ. ಖರ್ಚು ಮಾತ್ರ ನಿಜಕ್ಕೂ ಕಡಿಮೆ: 2 ಕಿಲೋವ್ಯಾಟ್ ಅವರ್ ಬ್ಯಾಟರಿ ತುಂಬಲು ಸುಮಾರು ಎರಡೂವರೆ ಯೂನಿಟ್ ಕರೆಂಟ್ ಸಾಕು.

ಬೆಂಗಳೂರಿನಲ್ಲಿ ಮೂರನೇ ಮಹಡಿಯ ಬಾಡಿಗೆ ಮನೆಯಾದರೆ ಬಿಚ್ಚಿ ಒಯ್ಯುವ ಬ್ಯಾಟರಿಯೇ ಬೇಕು. ಶೋರೂಮಿನಲ್ಲೇ ಅದನ್ನು ಹಿಡಿದು ನಾಲ್ಕು ಮೆಟ್ಟಿಲು ಹತ್ತಿ ನೋಡಿ, ಭಾರ ಗೊತ್ತಾಗುತ್ತದೆ.

ಮೋಟಾರ್ 250 ವ್ಯಾಟ್‌ಗಿಂತ ಕಡಿಮೆ, ವೇಗ ಗಂಟೆಗೆ 25 ಕಿ.ಮೀ. ಮೀರದಿದ್ದರೆ ಲೈಸೆನ್ಸ್, ನೋಂದಣಿ ಬೇಡ. ಆದರೆ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳ ಮಧ್ಯೆ ಆ ವೇಗ ಅಪಾಯ ಅಲ್ವಾ? ಅಲ್ಲಿ ಓಡಾಡುವವರಿಗೆ ನಾನಂತೂ ಬೇಡ ಅನ್ನುತ್ತೇನೆ. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಹೊಸದಕ್ಕೆ ಎಷ್ಟಾಗುತ್ತದೆ ಅಂತ ಬರೆಸಿಕೊಂಡೇ ದುಡ್ಡು ಕೊಡಿ.