ವೆಬ್‌ಸೈಟ್ ಮಾಡಿಸುವ ಮೊದಲು ನಿಮ್ಮ ವಾಟ್ಸಾಪ್ ಓದಿ

ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇರುವ ನಮ್ಮ ಅತ್ತಿಗೆ ಅಪ್ಪೆಮಿಡಿ ಅನ್ನೋ ಎಳೆ ಮಾವಿನ ಉಪ್ಪಿನಕಾಯಿ ಹಾಕಿ ಮಾರುತ್ತಾರೆ. ಮೊದಲು ನೆಂಟರಿಷ್ಟರಿಗೆ, ಆಮೇಲೆ ನೆಂಟರ ಆಫೀಸಿನವರಿಗೆ, ಈಗ ಮುಖವನ್ನೇ ನೋಡದ ಬೆಂಗಳೂರು, ಪುಣೆಯವರಿಗೆ. ವೆಬ್‌ಸೈಟ್ ಮಾಡಿಸೋಣ ಅಂತ ಹೊರಟಾಗ ಎರಡು ವಾರ ಬರೀ ಬಣ್ಣ, ಲೋಗೋ, ಮೇಲೆ ಓಡಾಡುವ ಚಿತ್ರ ಅಂತ ತಲೆ ಕೆಡಿಸಿಕೊಂಡೆವು. ಸೈಟ್ ಬಂತು, ನೋಡೋಕೆ ಚೆನ್ನಾಗಿಯೂ ಇತ್ತು. ಆರ್ಡರ್ ಮಾತ್ರ ಮೊದಲಿನ ಹಾಗೆ ಫೋನಿನಲ್ಲೇ.

ಯಾಕೆ ಅಂತ ಗೊತ್ತಾಗಿದ್ದು ಒಂದು ಮಧ್ಯಾಹ್ನ ಕೂತು ಅತ್ತಿಗೆಯ ವಾಟ್ಸಾಪ್ ಓದಿದಾಗ. "ಅರ್ಧ ಕೆಜಿಲಿ ಎಷ್ಟು ಮಿಡಿ ಬರುತ್ತೆ?" "ಎಣ್ಣೆ ಹಾಕ್ತೀರಾ?" "ಇದು ಜೀರಿಗೆ ಮಿಡಿನಾ?" "ದಾರೀಲಿ ಸೋರಲ್ವಾ?" "ಫ್ರಿಜ್‌ನಲ್ಲಿ ಇಡ್ಬೇಕಾ?" ಇದೇ ಏಳೆಂಟು ಪ್ರಶ್ನೆ, ಬೇರೆ ಬೇರೆ ಜನ, ಮತ್ತೆ ಮತ್ತೆ. ನಮ್ಮ ಸೈಟಿನಲ್ಲಿ ಇದ್ದಿದ್ದು "ಮಲೆನಾಡಿನ ಮಡಿಲಿನಿಂದ ನಿಮ್ಮ ಮನೆಗೆ" ಅನ್ನೋ ಸಾಲು. ಇದನ್ನು ಯಾರೂ ಕೇಳಿರಲಿಲ್ಲ!

ಹಾಗಾಗಿ ಮೊದಲ ಕೆಲಸ ಇದು: ಹಿಂದಿನ ಆರು ತಿಂಗಳ ಚಾಟ್ ತೆಗೆದು ಗ್ರಾಹಕರ ಪ್ರಶ್ನೆಗಳನ್ನು ಅವರದೇ ಮಾತಿನಲ್ಲಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಜಾಸ್ತಿ ಸಲ ಬಂದ ಪ್ರಶ್ನೆಯ ಉತ್ತರ ಬಾಟಲಿಯ ಫೋಟೋ ಪಕ್ಕದಲ್ಲೇ ಇರಲಿ, ಬೇರೆ ಪುಟದಲ್ಲಿ ಅಲ್ಲ. ನಾವು ಹಾಕಿದ್ದು ಮೂರೇ ಫೋಟೋ. ಕೈಯಲ್ಲಿ ಹಿಡಿದ ಬಾಟಲಿ (ಗಾತ್ರ ತಿಳಿಯಲಿ ಅಂತ), ತಟ್ಟೆಯಲ್ಲಿ ತೊಟ್ಟಿನ ಸಮೇತ ಇರುವ ನಾಲ್ಕು ಮಿಡಿ, ಮತ್ತೆ ಬಾಯಿ ಸೀಲ್ ಮಾಡಿ ಬಬಲ್ ಶೀಟ್ ಸುತ್ತಿದ ಪಾರ್ಸೆಲ್. ಮೂರನೆಯದು ಹಾಕಿದ ಮೇಲೆ "ಸೋರಲ್ವಾ" ಅನ್ನೋ ಪ್ರಶ್ನೆ ಹೆಚ್ಚುಕಡಿಮೆ ನಿಂತೇ ಹೋಯಿತು.

ಫೋಟೋ ಅಂದೆನಲ್ಲ, ಫೋನಿನಲ್ಲಿ ತೆಗೆದದ್ದನ್ನು ಹಾಗೇ ಏರಿಸಬೇಡಿ. ಒಂದೊಂದೂ ನಾಲ್ಕೈದು ಎಂಬಿ ಇರುತ್ತದೆ, ಹಳ್ಳಿ ಕಡೆ ನೆಟ್‌ವರ್ಕ್‌ನಲ್ಲಿ ಪುಟ ತೆರೆಯುವಷ್ಟರಲ್ಲಿ ಜನ ಎದ್ದು ಹೋಗಿರುತ್ತಾರೆ. ಗೂಗಲ್‌ನವರ ಸ್ಕ್ವೂಶ್ ಅನ್ನೋ ಸೈಟಿನಲ್ಲಿ ಪುಕ್ಕಟೆಯಾಗಿ ವೆಬ್‌ಪಿ (ಕಡಿಮೆ ಜಾಗ ಹಿಡಿಯುವ ಫೋಟೋ ಫಾರ್ಮ್ಯಾಟ್) ಮಾಡಿ 200 ಕೆಬಿ ಒಳಗೆ ತನ್ನಿ. ಆಮೇಲೆ ಮೊಬೈಲಿನಲ್ಲೇ ಪೂರ್ತಿ ಒಂದು ಆರ್ಡರ್ ಮಾಡಿ ನೋಡಿ. ಗೂಗಲ್ ಕೂಡ ಈಗ ನಿಮ್ಮ ಸೈಟಿನ ಮೊಬೈಲ್ ರೂಪವನ್ನೇ ನೋಡಿ, ಹುಡುಕಿದವರಿಗೆ ಎಲ್ಲಿ ತೋರಿಸಬೇಕು ಅಂತ ಲೆಕ್ಕ ಹಾಕುವುದು.

ಡೊಮೇನ್, ಅಂದರೆ ಸೈಟಿನ ವಿಳಾಸದ ಹೆಸರಿನ ವಿಷಯಕ್ಕೆ ಬರುತ್ತೇನೆ, ಇದು ನಮ್ಮ ಹೊಟ್ಟೆಯುರಿ. ಸೈಟ್ ಮಾಡಿಕೊಟ್ಟ ಹುಡುಗ ಹೆಸರನ್ನು ತನ್ನ ಇಮೇಲ್‌ನಲ್ಲೇ ಕೊಂಡಿದ್ದ. ವರ್ಷ ಆದಮೇಲೆ ಅವನ ಫೋನ್ ಸ್ವಿಚ್ ಆಫ್. ರಿನ್ಯೂ ಮಾಡುವುದಕ್ಕೆ ನಮಗೆ ಲಾಗಿನ್ ಇಲ್ಲ, ಹೆಸರು ಹೋಯಿತು, ಬಾಟಲಿಗೆ ಅಂಟಿಸಲು ಆ ಹೆಸರು ಅಚ್ಚು ಹಾಕಿಸಿದ್ದ 500 ಲೇಬಲ್ ಒಲೆಗೆ. ಸೈಟನ್ನು ಯಾರೇ ಮಾಡಲಿ, ಡೊಮೇನ್ ಮಾತ್ರ ನಿಮ್ಮ ಇಮೇಲ್, ನಿಮ್ಮ ಫೋನ್, ನಿಮ್ಮ ಕಾರ್ಡ್‌ನಲ್ಲಿ ಕೊಳ್ಳಿ. ಮೊದಲ ವರ್ಷದ ದರ ನೋಡಿ ಖುಷಿಪಡುವ ಮೊದಲು ಎರಡನೇ ವರ್ಷದ ದರ ನೋಡಿ. ಹೆಸರು ಫೋನಿನಲ್ಲಿ ಒಂದೇ ಸಲ ಹೇಳಿದರೆ ಎದುರಿನವರು ಸರಿಯಾಗಿ ಟೈಪ್ ಮಾಡುವಂತಿರಲಿ, ಸಾಕು.

ಯಾವುದರಲ್ಲಿ ಕಟ್ಟುವುದು? ಹತ್ತಿಪ್ಪತ್ತು ಐಟಂ ಇದ್ದು, ಕೈ ಹಾಕಿ ಕಲಿಯುವ ಮನಸ್ಸಿದ್ದರೆ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಾಫ್ಟ್‌ವೇರ್) ಜೊತೆ ವೂಕಾಮರ್ಸ್ (ಅದಕ್ಕೆ ಅಂಗಡಿ ಸೇರಿಸುವ ಪ್ಲಗಿನ್); ಅಪ್‌ಡೇಟ್, ಬ್ಯಾಕಪ್ ತಲೆನೋವು ಬೇಡ ಅಂದರೆ ತಿಂಗಳ ದುಡ್ಡು ಕೊಟ್ಟು ಶಾಪಿಫೈ ಅನ್ನೋ ರೆಡಿಮೇಡ್ ಆನ್‌ಲೈನ್ ಅಂಗಡಿ ಸೇವೆ. ಎರಡೂ ನಡೆಯುತ್ತದೆ. ಇದರ ಮೇಲೆ ತಿಂಗಳುಗಟ್ಟಲೆ ಯೋಚಿಸಬೇಡಿ.

ಕಾಗದಪತ್ರದಲ್ಲಿ ಮಾತ್ರ ಸಡಿಲ ಬಿಡಬೇಡಿ. ತಿನ್ನುವ ಪದಾರ್ಥಕ್ಕೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಅಥವಾ ಲೈಸೆನ್ಸ್ ಬೇಕೇ ಬೇಕು, ಅದರ 14 ಅಂಕಿಯ ನಂಬರ್ ಲೇಬಲ್ ಮೇಲೂ ಸೈಟಿನಲ್ಲೂ ಇರಲಿ. ಕರ್ನಾಟಕದೊಳಗೆ ಮಾತ್ರ ಸರಕು ಮಾರುವವರಿಗೆ 40 ಲಕ್ಷದ ವಹಿವಾಟಿನವರೆಗೆ ಜಿಎಸ್‌ಟಿ ವಿನಾಯಿತಿ ಇದೆ, ಆದರೆ ಸ್ವಂತ ಸೈಟಿನಿಂದ ಪುಣೆಗೆ ಒಂದು ಬಾಟಲಿ ಮಾರಿದರೂ ಅದು ಅಂತರರಾಜ್ಯ ಮಾರಾಟ, ನೋಂದಣಿ ಬೇಕಾಗುತ್ತದೆ. ಇದು ನಮಗೆ ಗೊತ್ತೇ ಇರಲಿಲ್ಲ. ಶುರು ಮಾಡುವ ಮೊದಲು ಆಡಿಟರ್ ಹತ್ತಿರ ಅರ್ಧ ಗಂಟೆ ಕೂತು ಬನ್ನಿ. ಸೈಟಿನಲ್ಲೇ ಗ್ರಾಹಕರಿಂದ ದುಡ್ಡು ಪಡೆದುಕೊಡುವ ರೇಜರ್‌ಪೇ, ಕ್ಯಾಶ್‌ಫ್ರೀ ತರಹದ ಪೇಮೆಂಟ್ ಗೇಟ್‌ವೇಯವರು ಖಾತೆ ಕೊಡುವ ಮೊದಲು ಸೈಟಿನಲ್ಲಿ ವಿಳಾಸ, ರಿಫಂಡ್, ಡೆಲಿವರಿ ನಿಯಮದ ಪುಟಗಳಿವೆಯಾ ಅಂತ ನೋಡುತ್ತಾರೆ. ಇನ್ನೊಬ್ಬರ ಸೈಟಿನಿಂದ ಕಾಪಿ ಹೊಡೆಯಬೇಡಿ. "ಬಾಟಲಿ ಒಡೆದು ಬಂದರೆ ಫೋಟೋ ಕಳಿಸಿ, ಬೇರೆ ಕಳಿಸುತ್ತೇವೆ" ಅಂತ ಸರಳವಾಗಿ ಬರೆಯಿರಿ.

ಕೊರಿಯರ್ ಲೆಕ್ಕ ಬೆಲೆ ಇಡುವ ಮೊದಲೇ ಹಾಕಿ. ತುಂಬಾ ಕೊರಿಯರ್‌ನವರು ಬರೀ ತೂಕ ನೋಡುವುದಿಲ್ಲ, ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 5000ದಿಂದ ಭಾಗಿಸುತ್ತಾರೆ, ಎರಡರಲ್ಲಿ ಯಾವುದು ಜಾಸ್ತಿಯೋ ಅದಕ್ಕೆ ದುಡ್ಡು. 30, 20, 20 ಸೆಂಟಿಮೀಟರಿನ ಡಬ್ಬದಲ್ಲಿ ಅರ್ಧ ಕೆಜಿ ಉಪ್ಪಿನಕಾಯಿ ಇಟ್ಟರೆ ನೀವು ಕಟ್ಟುವುದು 2.4 ಕೆಜಿಗೆ. ಅತ್ತಿಗೆಗೆ ಇದನ್ನು ಹೇಳಿದಾಗ "ಎಂತ ಮಾರಾಯ, ಗಾಳಿಗೂ ದುಡ್ಡಾ?" ಅಂದರು. ಮರುದಿನವೇ ಬಾಟಲಿಯ ಅಳತೆಗೆ ಸರಿಯಾದ ಡಬ್ಬ ಹುಡುಕಿದೆವು. ಕ್ಯಾಶ್ ಆನ್ ಡೆಲಿವರಿ ಶುರುವಿಗೆ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬಾಗಿಲಲ್ಲಿ ಬೇಡ ಅಂದರೆ ಹೋಗುವ ಖರ್ಚೂ ಬರುವ ಖರ್ಚೂ ನಿಮ್ಮದೇ. ಈ ದಂಧೆಯಲ್ಲಿ ಅದನ್ನು ಆರ್‌ಟಿಓ (ರಿಟರ್ನ್ ಟು ಒರಿಜಿನ್, ಅಂದರೆ ಕಳಿಸಿದಲ್ಲಿಗೇ ವಾಪಸ್) ಅನ್ನುತ್ತಾರೆ, ಗಾಡಿ ಕಾಗದದ ಆ ಆರ್‌ಟಿಓ ಆಫೀಸಿನಷ್ಟೇ ಸುಸ್ತು ಮಾಡುತ್ತದೆ.

ಈಗ ಪ್ರಚಾರ. ಗೂಗಲ್ ಸರ್ಚ್ ಕನ್ಸೋಲ್‌ಗೆ ಸೈಟ್ ಸೇರಿಸಿ, ಪುಕ್ಕಟೆ. ಯಾವ ಪದ ಹುಡುಕಿದವರಿಗೆ ನಿಮ್ಮ ಸೈಟ್ ಕಂಡಿದೆ ಅಂತ ಅದು ತೋರಿಸುತ್ತದೆ. ನಾವು "ಅಪ್ಪೆಮಿಡಿ" ಅಂತ ಮಾತ್ರ ಬರೆದಿದ್ದೆವು, ಜನ "ಮಾವಿನ ಮಿಡಿ", "ಮಿಡಿ ಉಪ್ಪಿನಕಾಯಿ", "ಟೆಂಡರ್ ಮ್ಯಾಂಗೋ ಪಿಕಲ್" ಅಂತೆಲ್ಲ ಹುಡುಕುತ್ತಿದ್ದರು, ಅದೂ ಜಾಸ್ತಿ ಇಂಗ್ಲಿಷ್ ಅಕ್ಷರದಲ್ಲಿ, ಒಬ್ಬರು ಒಂದು "ಪಿ" ಹಾಕಿ, ಇನ್ನೊಬ್ಬರು ಎರಡು. ಆ ಪದಗಳನ್ನು ಪುಟದ ಶೀರ್ಷಿಕೆಯಲ್ಲೂ ವಿವರದಲ್ಲೂ ಸಹಜವಾಗಿ ಬರುವ ಹಾಗೆ ಬರೆಯಿರಿ. ಕೀವರ್ಡ್ ಟ್ಯಾಗ್‌ನಲ್ಲಿ (ಪುಟದ ಕೋಡ್‌ನೊಳಗೆ ಇರುವ ಪದಪಟ್ಟಿ) ಐವತ್ತು ಪದ ತುಂಬಿಸಿಕೊಡುತ್ತೇನೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ, ಅದನ್ನು ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ.

ಮನೆಗೆ ಬಂದು ಕೊಳ್ಳುವವರೂ ಇದ್ದರೆ ಗೂಗಲ್ ಮ್ಯಾಪ್‌ನಲ್ಲಿ ಕಾಣುವ ಗೂಗಲ್ ಬಿಸಿನೆಸ್ ಪ್ರೊಫೈಲ್ ಮಾಡಿಸಿ, ಖರೀದಿಸಿದವರ ಹತ್ತಿರ ನಾಲ್ಕು ಸಾಲು ಬರೆಸಿ. ಸುಳ್ಳು ರಿವ್ಯೂ ಬೇಡ, ಓದಿದರೆ ಗೊತ್ತಾಗುತ್ತೆ, ಅಲ್ವಾ? ಬಾಟಲಿ ಮೇಲೆ ಕ್ಯೂಆರ್ ಕೋಡ್ ಹಾಕಿ, ಅದು ಮುಖಪುಟಕ್ಕಲ್ಲ, ಅದೇ ಉಪ್ಪಿನಕಾಯಿಯ ಪುಟಕ್ಕೆ ಹೋಗಲಿ. ಊಟದ ಮೇಜಿನ ಮೇಲಿರುವ ಬಾಟಲಿಗಿಂತ ಒಳ್ಳೆ ಜಾಹೀರಾತು ನಾನು ಕಂಡಿಲ್ಲ. ದುಡ್ಡು ಕೊಟ್ಟು ಹಾಕುವ ಜಾಹೀರಾತಿಗೆ ಆಮೇಲೆ ಹೋಗಿ, ಸೈಟಿಗೆ ಬಂದವರಲ್ಲಿ ಕೆಲವರಾದರೂ ತಾವಾಗಿಯೇ ಕೊಳ್ಳಲು ಶುರುಮಾಡಿದ ಮೇಲೆ.

ಇನ್ನೊಂದು ಮರೆತಿದ್ದೆ. ಮಿಡಿ ಸಿಗುವುದು ವರ್ಷದಲ್ಲಿ ಸ್ವಲ್ಪ ದಿನ, ಮಾಲು ಖಾಲಿ ಆದ ಕೂಡಲೇ ನಾವು ಆ ಪುಟವನ್ನೇ ಅಳಿಸುತ್ತಿದ್ದೆವು. ಮುಂದಿನ ವರ್ಷ ಗೂಗಲ್‌ನಲ್ಲಿ ಮತ್ತೆ ಸೊನ್ನೆಯಿಂದ ಶುರು. ಈಗ ಪುಟ ಹಾಗೇ ಇರುತ್ತದೆ, ಬೆಲೆಯ ಜಾಗದಲ್ಲಿ "ಈ ವರ್ಷದ್ದು ಮುಗಿಯಿತು, ನಂಬರ್ ಕೊಟ್ಟಿರಿ, ಹೊಸದು ಹಾಕಿದಾಗ ತಿಳಿಸುತ್ತೇವೆ" ಅಂತ ಒಂದು ಸಾಲು. ಹೋದ ಸಲ ಉಪ್ಪಿಗೆ ಹಾಕಿದ ಮಿಡಿ ಇನ್ನೂ ಭರಣಿಯಲ್ಲೇ ಇತ್ತು, ಅತ್ತಿಗೆ ಹೀಗೆ ನಂಬರ್ ಕೊಟ್ಟವರ ಪಟ್ಟಿ ಹಿಡಿದು ಮೆಸೇಜ್ ಕಳಿಸೋಕೆ ಕೂತಿದ್ದರು.