ಹೊಳೆ ಅಂಗಳಕ್ಕೆ ಬರುವ ಮುನ್ನ: ಮೇ ತಿಂಗಳಲ್ಲೇ ಮುಗಿಸಬೇಕಾದ ಕೆಲಸಗಳು

ಕೃಷ್ಣಾ, ಘಟಪ್ರಭಾ, ಮಲಪ್ರಭಾ ದಂಡೆಯ ಊರುಗಳಿಗೆ ಮಹಾಪೂರ ಬರುವುದು ಬಹುತೇಕ ಸಹ್ಯಾದ್ರಿಯ ಮಳೆಯಿಂದ. ಮಹಾಬಳೇಶ್ವರ, ಕೊಯ್ನಾ, ಕಣಕುಂಬಿ ಕಡೆ ಸುರಿದದ್ದು ಇಲ್ಲಿ ಏರುತ್ತದೆ. ಅಥಣಿಯಲ್ಲೋ ಜಮಖಂಡಿಯಲ್ಲೋ ಬಿಸಿಲು ಚುರುಗುಡುತ್ತಿರುವಾಗಲೇ ಹೊಳೆ ದಂಡೆ ಮೀರಬಹುದು. ಮೂರೂ ಹೊಳೆ ಒಟ್ಟಿಗೆ ಉಕ್ಕಿದ 2019ರ ಆಗಸ್ಟ್‌ನಲ್ಲಿ ಪಟ್ಟದಕಲ್ಲಿನ ಗುಡಿಗಳ ಆವರಣಕ್ಕೂ ನೀರು ನುಗ್ಗಿತ್ತು. ದೂರದ ಮಳೆಯಾದ್ದರಿಂದ ನಮಗೆ ಒಂದಿಷ್ಟು ಸಮಯ ಸಿಗುತ್ತದೆ. ಆ ಸಮಯವನ್ನು ‘ಇನ್ನೂ ಏರಲಿಕ್ಕಿಲ್ಲ, ನೋಡೋಣು’ ಅನ್ನುತ್ತ ಕಳೆದು, ನಡುರಾತ್ರಿ ಟಾರ್ಚ್ ಹಿಡಿದು ಸಾಮಾನು ಹೊರುವ ಮನೆಗಳೇ ಹೆಚ್ಚು ಕಳೆದುಕೊಳ್ಳುತ್ತವೆ. ಯಾವಾಗ ಏಳಬೇಕು, ಏನನ್ನು ಮೊದಲು ಎತ್ತಬೇಕು ಎಂಬುದನ್ನು ಮುಂಗಾರಿಗೆ ಮೊದಲೇ ತೀರ್ಮಾನಿಸಿಡಿ. (ವಿಜಯಪುರದ ಡೋಣಿ ದಂಡೆಯವರಿಗೆ ಈ ಸವಲತ್ತಿಲ್ಲ. ಅದು ಸುತ್ತಲಿನ ಮಳೆಗೇ ಏರುವ ಹೊಳೆ. ಅಲ್ಲಿ ಗಂಟು ಮೊದಲೇ ಕಟ್ಟಿರಬೇಕು.)

ಗುರುತು ಹಾಕಿ

ಟಿವಿಯಲ್ಲಿ ಬರುವ ಕ್ಯುಸೆಕ್ ಲೆಕ್ಕ ನಿಮ್ಮ ಹೊಸ್ತಿಲ ಬಗ್ಗೆ ಏನೂ ಹೇಳುವುದಿಲ್ಲ. ಒಂದು ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ ಸುಮಾರು 8.6 ಟಿಎಂಸಿ, ಸರಿ, ಅದು ನಮ್ಮ ಓಣಿಗೆ ಬರುತ್ತದೋ ಇಲ್ಲವೋ? ಉತ್ತರ ಊರಲ್ಲೇ ಇದೆ. 2019ರಲ್ಲಿ ನೀರು ನಿಂತ ಮಟ್ಟ ಗುಡಿಯ ಗೋಡೆಗೋ ಶಾಲೆಯ ಕಂಬಕ್ಕೋ ಕಲೆಯಾಗಿ ಉಳಿದಿರುತ್ತದೆ, ಇಲ್ಲವೇ ಹಿರಿಯರು ಕೈಯಿಟ್ಟು ತೋರಿಸುತ್ತಾರೆ. ಆ ಮಟ್ಟವನ್ನು ಗೌಂಡಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪಿನಿಂದ ನಿಮ್ಮ ಮನೆಯ ಗೋಡೆಗೆ ತನ್ನಿ. ಪೈಪಿಗೆ ನೀರು ತುಂಬಿ ಒಂದು ತುದಿಯನ್ನು ಹಳೆಯ ಕಲೆಯ ಹತ್ತಿರ, ಇನ್ನೊಂದನ್ನು ನಿಮ್ಮ ಗೋಡೆಯ ಹತ್ತಿರ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ಪೈಪಿನೊಳಗೆ ಗಾಳಿಗುಳ್ಳೆ ಉಳಿದಿದ್ದರೆ ಮಟ್ಟ ತಪ್ಪುತ್ತದೆ. ಪೈಪನ್ನು ಬೆರಳಿನಿಂದ ತಟ್ಟುತ್ತ ಗುಳ್ಳೆ ಹೊರಬಿಟ್ಟ ಮೇಲೆಯೇ ಗುರುತು ಹಾಕಿ. ಮನೆ ದೂರವಿದ್ದರೆ ನಡುವೆ ಒಂದೆರಡು ಕಂಬಕ್ಕೆ ಗುರುತು ದಾಟಿಸುತ್ತ ಬನ್ನಿ.

ಈಗ ಹೊಳೆಯ ಕಡೆ ಇನ್ನೊಂದು ಗುರುತು ಬೇಕು: ಘಾಟಿನ ಒಂದು ಮೆಟ್ಟಿಲು, ಸೇತುವೆಯ ಕಂಬ, ಹನಮಪ್ಪನ ಗುಡಿಯ ಕಟ್ಟೆ, ಏನಾದರೂ ಆದೀತು. ನೀರು ಅಲ್ಲಿ ಮುಟ್ಟಿತೆಂದರೆ ಎತ್ತುವ ಕೆಲಸ ಶುರು, ಚರ್ಚೆಯಿಲ್ಲ. ಮನೆಯ ಎಲ್ಲರಿಗೂ, ಹಟ ಹಿಡಿಯುವ ಅಜ್ಜನಿಗೂ ಸೇರಿ, ಇದು ಮೇ ತಿಂಗಳಲ್ಲೇ ಗೊತ್ತಿರಲಿ. ಊರಿನಿಂದ ಹೊರಬೀಳುವ ದಾರಿಯಲ್ಲಿ ತಗ್ಗಿನ ಸೇತುವೆಯಿದ್ದರೆ ಅದು ಮನೆಗಿಂತ ಮೊದಲು ಮುಳುಗುತ್ತದೆ ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಹಗೇವು ಮೊದಲು

ನೆಲದೊಳಗಿನ ಹಗೇವಿನಲ್ಲಿ ಜೋಳ ಇಟ್ಟಿದ್ದರೆ ಅದನ್ನು ಮೃಗಶಿರಾ ಮಳೆಗೆ ಮೊದಲು ತೆಗೆಯಿರಿ. ಮೇಲೆ ಹೊಳೆ ಬರದಿದ್ದರೂ ನೆಲದ ತೇವ ಏರಿ ಬದಿಯ ಕಾಳು ಮೊದಲು ಕೆಡುತ್ತದೆ. ಇಲ್ಲಿ ಜೀವದ ಮಾತೊಂದಿದೆ. ಮುಚ್ಚಿದ ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ಮುಗಿದಿರುತ್ತದೆ, ಗಾಳಿಗಿಂತ ಭಾರವಾದ ಇಂಗಾಲದ ಡೈಆಕ್ಸೈಡ್ ತಳದಲ್ಲಿ ಕೂತಿರುತ್ತದೆ. ಕಾಳು ತೇವವಾಗಿದ್ದರೆ ಇನ್ನೂ ಹೆಚ್ಚು. ಬಾಯಿ ತೆರೆದು ಕನಿಷ್ಠ ಒಂದು ದಿನ ಬಿಡಿ, ಫ್ಯಾನ್ ಹಚ್ಚಿ ಗಾಳಿ ಒಳಗೆ ತಳ್ಳಿ. ಕಂದೀಲು ಇಳಿಬಿಟ್ಟು ನೋಡುವ ಹಳೆಯ ಪದ್ಧತಿಯಲ್ಲಿ ದೀಪ ಆರಿದರೆ ಇಳಿಯಲೇಬಾರದು. ಆದರೆ ದೀಪ ಉರಿಯಿತೆಂದು ನೂರಕ್ಕೆ ನೂರು ನಂಬುವಂತೆಯೂ ಇಲ್ಲ. ಇಳಿಯುವವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಇಬ್ಬರು ನಿಂತಿರಲಿ. ಒಳಗಿದ್ದವರು ಕುಸಿದರೆ ಹಗ್ಗದಿಂದ ಎಳೆಯಬೇಕೇ ಹೊರತು ಹಿಂದೆಯೇ ಜಿಗಿಯಬಾರದು. ಒಂದು ಹಗೇವಿನಲ್ಲಿ ಎರಡು ಮೂರು ಜನ ಸಾಯುವುದು ಹೀಗೆ ಜಿಗಿದೇ.

ತೆಗೆದ ಜೋಳವನ್ನು ಬಿಸಿಲಿಗೆ ಹರವಿ, ಹಲ್ಲಿಗೆ ಹಾಕಿದರೆ ಕಟ್ಟೆಂದು ಒಡೆಯುವಷ್ಟು ಒಣಗಿಸಿ, ಆರಿದ ಮೇಲೆ ಚೀಲಕ್ಕೆ ತುಂಬಿ. ಬಿಸಿಯಿದ್ದಾಗಲೇ ತುಂಬಿದರೆ ಒಳಗೆ ಬೆವರಿ ಬೂಸಲು ಹಿಡಿಯುತ್ತದೆ. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋದಂತೆ 15 ದಿನಕ್ಕೆ 30 ಕಿಲೋ ಬೇರೆ ಚೀಲದಲ್ಲಿರಲಿ. ಎತ್ತುವಾಗ ಮೊದಲು ಹೋಗಬೇಕಾದ ಚೀಲ ಅದೇ. 50 ಕಿಲೋದ ಚೀಲವನ್ನು ಅವಸರದಲ್ಲಿ ಒಬ್ಬರೇ ಎತ್ತಲಾಗದು.

ತಿನ್ನಲು, ಕುಡಿಯಲು

ನಮ್ಮ ಕಡೆಯ ಅಡುಗೆಮನೆಗೆ ಇದು ಹೊಸ ವಿದ್ಯೆಯಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಅವಲಕ್ಕಿ, ಪುಠಾಣಿ, ಬೆಲ್ಲ: ಒಲೆ ಹೊತ್ತದ ಮೂರು ದಿನಕ್ಕೆ ಇಷ್ಟು ಸಾಕು. ರೊಟ್ಟಿಯನ್ನು ಪೂರಾ ಆರಿಸಿ, ಬಟ್ಟೆಯಲ್ಲಿ ಸುತ್ತಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಮಳೆಗಾಲದಲ್ಲಿ ಮೆತ್ತಗಾದರೆ ಹಂಚಿನ ಮೇಲೆ ಮತ್ತೆ ಕಾಯಿಸಬಹುದು. ಬೂಸಲು ಕಂಡರೆ ಎಸೆಯಿರಿ. ಹಿಂಡಿಗೆ ನೀರು ಸೋಕಿದ ಚಮಚ ಹಾಕಬೇಡಿ.

ನೀರಿನ ವಿಷಯ ಬೇರೆ. ಸುತ್ತಲೂ ನೀರು, ಕುಡಿಯಲು ಹನಿಯಿಲ್ಲ ಎನ್ನುವ ಸ್ಥಿತಿ ಎರಡನೇ ದಿನವೇ ಬರುತ್ತದೆ, ಏಕೆಂದರೆ ಬೋರಿನ ಮೋಟಾರಿಗೆ ಕರೆಂಟ್ ಇರುವುದಿಲ್ಲ, ಬಾವಿಗೆ ಹೊಳೆ ಕೂಡಿರುತ್ತದೆ. ಕುಡಿಯಲು, ಬೇಯಿಸಲು ತಲೆಗೆ ದಿನಕ್ಕೆ ಐದು ಲೀಟರ್ ಹಿಡಿದರೆ ಐದು ಜನಕ್ಕೆ ಮೂರು ದಿನಕ್ಕೆ 75 ಲೀಟರ್, ಅಂದರೆ 20 ಲೀಟರಿನ ನಾಲ್ಕು ಕ್ಯಾನು.

ಕ್ಯಾನಿನ ನೀರು ಮುಗಿದ ಮೇಲೆ ಕಲಕು ನೀರನ್ನು ತಿಳಿಯಾಗಲು ಬಿಡಿ, ನಾಲ್ಕು ಮಡಿಕೆಯ ಬಟ್ಟೆಯಲ್ಲಿ ಸೋಸಿ, ಆಮೇಲೆ ಕ್ಲೋರಿನ್ ಮಾತ್ರೆ ಹಾಕಿ. ಆರೋಗ್ಯ ಇಲಾಖೆ ಹಂಚುವ ಅರ್ಧ ಗ್ರಾಮಿನ ಮಾತ್ರೆ ಸಾಮಾನ್ಯವಾಗಿ 20 ಲೀಟರಿಗೆ ಒಂದು. ಪಟ್ಟಿಯ ಮೇಲೆ ಬೇರೆ ಬರೆದಿದ್ದರೆ ಅದನ್ನೇ ಪಾಲಿಸಿ. ಅರ್ಧ ಗಂಟೆ ಬಿಟ್ಟು ಕುಡಿಯಿರಿ. ಸಾವಿರ ಲೀಟರಿನ ಟ್ಯಾಂಕಿಗೆ ಒಳ್ಳೆಯ ಬ್ಲೀಚಿಂಗ್ ಪೌಡರ್ 2.5 ಗ್ರಾಂ ಸಾಕು. ಅದನ್ನು ಸ್ವಲ್ಪ ನೀರಲ್ಲಿ ಕಲಸಿ, ಬಕೆಟ್ಟಿನಲ್ಲಿ ತಿಳಿಗೊಳಿಸಿ, ಮೇಲಿನ ತಿಳಿಯನ್ನಷ್ಟೇ ಟ್ಯಾಂಕಿಗೆ ಸುರಿದು ಒಂದು ಗಂಟೆ ಕಾಯಿರಿ. ಕಲಕು ನೀರಿಗೆ ನೇರ ಹಾಕಿದರೆ ಕೆಸರೇ ಕ್ಲೋರಿನ್ನನ್ನು ತಿಂದುಬಿಡುತ್ತದೆ, ರೋಗಾಣು ಉಳಿಯುತ್ತವೆ. ಕಳೆದ ವರ್ಷ ತೆರೆದಿಟ್ಟ ಪೌಡರಿನಲ್ಲಿ ಸತ್ವ ಹೋಗಿರುತ್ತದೆ, ವಾಸನೆಯೇ ಬರುವುದಿಲ್ಲ. ಭೇದಿ ಶುರುವಾದರೆ ಓಆರ್‌ಎಸ್. ಪೊಟ್ಟಣ ಇಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಮಕ್ಕಳಿಗೆ ಅಪಾಯ. ಬಿಪಿ, ಶುಗರ್ ಮಾತ್ರೆ 15 ದಿನಕ್ಕಾಗುವಷ್ಟು ಗಂಟಿನಲ್ಲಿರಲಿ.

ಕಾಗದಪತ್ರ

ಉತಾರ, ಮನೆಪಟ್ಟಿ ಪಾವತಿ, ಆಧಾರ್, ರೇಷನ್ ಕಾರ್ಡ್, ಪಾಸ್‌ಬುಕ್ಕುಗಳನ್ನು ಎರಡು ಪ್ಲಾಸ್ಟಿಕ್ ಚೀಲದಲ್ಲಿ ಒಂದರೊಳಗೊಂದು ಹಾಕಿ ಬಿಗಿದು ಕಟ್ಟಿ, ಫೋಟೊ ತೆಗೆದು ಬೇರೆ ಊರಿನ ಸಂಬಂಧಿಕರ ಮೊಬೈಲಿಗೂ ಕಳಿಸಿಡಿ. ಪರಿಹಾರದ ಹಣ ಬರುವುದು ಬ್ಯಾಂಕ್ ಖಾತೆಗೆ. ಆಧಾರ್ ಜೋಡಣೆ ಚಾಲ್ತಿಯಲ್ಲಿದೆಯೇ ಎಂದು ಬ್ಯಾಂಕಿನಲ್ಲಿ ಈಗಲೇ ಕೇಳಿ. ಮನೆ ಇನ್ನೂ ತೀರಿಹೋದ ಮುತ್ಯಾನ ಹೆಸರಲ್ಲೇ ಇದ್ದರೆ ವಾರ್ಸಾ ಮಾಡಿಸುವ ಕೆಲಸವನ್ನು ಬೇಸಿಗೆಯಲ್ಲೇ ಹಿಡಿಯಿರಿ. ಅರ್ಜಿಗಳು ಸಿಕ್ಕಿಬೀಳುವುದು ಹೆಚ್ಚಾಗಿ ಇಲ್ಲೇ. ಮನೆಯ ನಾಲ್ಕೂ ಗೋಡೆ, ಚಾವಣಿ ಗಟ್ಟಿಯಾಗಿದ್ದಾಗಿನ ಫೋಟೊ ಕೂಡ ಇರಲಿ.

ಹೊರಡುವ ಗಳಿಗೆ

ಮೇನ್ ಸ್ವಿಚ್ ಇಳಿಸಿ. ಗ್ಯಾಸಿನ ರೆಗ್ಯುಲೇಟರ್ ಕಳಚಿ, ಸಿಲಿಂಡರಿಗೆ ಮುಚ್ಚಳ ಹಾಕಿ ಕಿಟಕಿಯ ಸರಳಿಗೆ ಕಟ್ಟಿ. ತುಂಬಿದ ಸಿಲಿಂಡರು ತೇಲುವುದಿಲ್ಲ ಎಂಬುದು ತಪ್ಪು ತಿಳಿವಳಿಕೆ: ಗ್ಯಾಸ್ 14.2 ಕಿಲೋ, ಕಬ್ಬಿಣ ಸೇರಿ ಒಟ್ಟು 30 ಕಿಲೋ ಆಸುಪಾಸು, ಆದರೆ ಅದರೊಳಗೆ 33 ಲೀಟರಿಗೂ ಹೆಚ್ಚು ನೀರು ಹಿಡಿಯುವಷ್ಟು ಜಾಗ. ಹಾಗಾಗಿ ತೇಲುತ್ತದೆ, ಗೋಡೆಗೆ ಬಡಿಯುತ್ತದೆ. ದಂಡೆಯ ಪಂಪ್‌ಸೆಟ್ಟನ್ನು ಮೊದಲ ಸುದ್ದಿಗೇ ಮೇಲೆ ಎಳೆಯಿರಿ.

ದನಗಳನ್ನು ಜನರಿಗಿಂತ ಮೊದಲು ಹೊರಡಿಸಬೇಕು, ಏಕೆಂದರೆ ಅವಕ್ಕೆ ದೋಣಿಯಲ್ಲಿ ಜಾಗವಿಲ್ಲ. ತಡವಾಯಿತೆಂದರೆ ಕೊನೆಯ ಪಕ್ಷ ಕಣ್ಣಿ ಬಿಚ್ಚಿ ಬಿಡಿ. ಬಿಟ್ಟ ಎಮ್ಮೆ ಈಜೀತು, ಗೂಟಕ್ಕೆ ಕಟ್ಟಿದ್ದು ಉಳಿಯದು. ಗಳಲೆ ಮತ್ತು ಚಪ್ಪೆ ರೋಗದ ಲಸಿಕೆ ಮುಂಗಾರಿಗೆ ಮೊದಲೇ ಆಗಿರಲಿ. ಕಣಕಿಯ ಬಣವಿಯನ್ನು ದಿಬ್ಬದ ಮೇಲೆ ಒಟ್ಟಿ. ಸಹಾಯಕ್ಕೆ 112, ಆಂಬುಲೆನ್ಸಿಗೆ 108, ಜಿಲ್ಲಾ ನಿಯಂತ್ರಣ ಕೊಠಡಿಗೆ 1077. ಮೊಬೈಲ್ ಚಾರ್ಜ್ ಮುಗಿದೀತು, ಗೋಡೆಗೂ ಬರೆದಿಡಿ.

ಮರಳಿ ಬಂದಾಗ

ಮಣ್ಣಿನ ಮನೆಗಳು ಹೆಚ್ಚಾಗಿ ಬೀಳುವುದು ನೀರು ಇದ್ದಾಗಲ್ಲ, ಇಳಿದ ಮೇಲೆ. ಹೊರಗಿನ ನೀರಿನ ಆಸರೆ ತಪ್ಪಿದಾಗ ನೆನೆದು ಭಾರವಾದ ಗೋಡೆ, ಮೇಲಿನ ಮಣ್ಣಿನ ಮಾಳಿಗೆಯ ತೂಕ ತಾಳದೆ ಹೊಟ್ಟೆ ಉಬ್ಬಿಸಿ ಕುಸಿಯುತ್ತದೆ. ಗೋಡೆಯ ಬುಡದಲ್ಲಿ ಉಬ್ಬು, ಮೂಲೆಯಲ್ಲಿ ಹೊಸ ಬಿರುಕು, ಮುಚ್ಚಲಾಗದ ಬಾಗಿಲು ಕಂಡರೆ ಒಳಗೆ ಮಲಗಬೇಡಿ. ಉಳಿದ ಮನೆಗಳನ್ನೂ ಬಾಗಿಲು, ಕಿಟಕಿ, ಬೆಳಕಿಂಡಿ ತೆರೆದು ನಿಧಾನವಾಗಿ ಒಣಗಿಸಿ. ಸಾಮಾನು ಸರಿಸುವಾಗ ಕೋಲು ಬಳಸಿ, ಹಾವು ಸೇರಿರುತ್ತವೆ. ವಯರ್‌ಮನ್ ನೋಡುವವರೆಗೆ ಮೇನ್ ಎತ್ತಬೇಡಿ.

ಕೆಸರು ಬಳಿದು ಹೊರಹಾಕುವ ಮೊದಲು ನೀರಿನ ಕಲೆ, ಬಿದ್ದ ಗೋಡೆ, ಕೊಳೆತ ಕಾಳಿನ ಚೀಲ ಎಲ್ಲದರ ಫೋಟೊ ತೆಗೆಯಿರಿ. ತಲಾಟಿ ಮತ್ತು ಇಂಜಿನಿಯರು ಹಾನಿಯ ಪ್ರಮಾಣ ನೋಡಿ ಮನೆಯನ್ನು ಎ, ಬಿ, ಸಿ ಎಂದು ವರ್ಗ ಮಾಡುತ್ತಾರೆ. ಅವರು ಬರುವ ಮುಂಚೆ ಎಲ್ಲ ತೊಳೆದು ಗಿಲಾವು ಮಾಡಿದ ಮನೆ ಕಡಿಮೆ ಹಾನಿಯದೆಂದು ಕಾಣುತ್ತದೆ. ಪಂಚನಾಮೆಯ ಪ್ರತಿಯಲ್ಲಿ ಯಾವ ವರ್ಗ ಬರೆದಿದ್ದಾರೆಂದು ಓದಿಸಿ ನೋಡಿದ ಮೇಲೆಯೇ ಸಹಿ ಹಾಕಿ.