‘ನಂಬು’ ಕ್ರಿಯಾಪದವನ್ನು ಸರಿಯಾಗಿ ಬಳಸುವ ಬಗೆ

‘ನಂಬು’ ಸಕರ್ಮಕ. ಯಾರನ್ನು, ಯಾವುದನ್ನು ನಂಬುವುದು ಎಂಬುದಕ್ಕೆ ದ್ವಿತೀಯಾ ವಿಭಕ್ತಿ ಬೇಕು: ‘ಅವಳನ್ನು ನಂಬು’, ‘ಈ ಸುದ್ದಿಯನ್ನು ನಂಬಬೇಡಿ’. ‘ಅವಳ ಮೇಲೆ ನಂಬು’ ತಪ್ಪು. ‘ಮೇಲೆ’, ‘ಅಲ್ಲಿ’ ಬರುವುದು ‘ನಂಬಿಕೆ’ ಎಂಬ ನಾಮಪದದ ಜೊತೆ: ‘ಅವಳ ಮೇಲೆ ನಂಬಿಕೆಯಿದೆ’, ‘ದೇವರಲ್ಲಿ ನಂಬಿಕೆಯಿಡು’. ‘ನಂಬಿಕೆ ಮಾಡು’ ಎನ್ನುವ ರೂಢಿ ಕನ್ನಡದಲ್ಲಿಲ್ಲ. ನಂಬಿಕೆಯನ್ನು ಇಡುತ್ತೇವೆ, ಉಳಿಸಿಕೊಳ್ಳುತ್ತೇವೆ, ಕಳೆದುಕೊಳ್ಳುತ್ತೇವೆ.

ವಸ್ತುವಾದರೆ ಪ್ರತ್ಯಯ ಬಿಟ್ಟರೂ ನಡೆಯುತ್ತದೆ: ‘ಮಳೆ ನಂಬಿ ಬಿತ್ತಿದರು’. ವ್ಯಕ್ತಿಯಾದರೆ ಬಿಡಬಾರದು. ‘ರವಿ ನಂಬಿದ’ ಎಂದರೆ ನಂಬಿದವನೇ ರವಿ. ‘ರವಿಯನ್ನು ನಂಬಿದ’ ಎಂದರೆ ನಂಬಿದವನು ಬೇರೆ ಯಾರೋ.

ಹೊಸದಾಗಿ ಕಲಿಯುವವರು ಹೆಚ್ಚು ಎಡವುವುದು ಕಾಲರೂಪದಲ್ಲಿ. ‘ನೀವು ಹೇಳಿದ್ದನ್ನು ನಂಬುತ್ತೇನೆ’ ಎಂದರೆ ಆ ಮಾತು ನಿಜವೆಂದು ಒಪ್ಪಿದಂತೆ. ‘ನಿಮ್ಮನ್ನೇ ನಂಬಿದ್ದೇನೆ, ಕೈಬಿಡಬೇಡಿ’ ಎಂಬಲ್ಲಿ ಭಾರವನ್ನೇ ಅವರ ಮೇಲೆ ಹೊರಿಸಿದ್ದಾಗಿದೆ. ಅಲ್ಲಿ ‘ನಂಬುತ್ತೇನೆ’ ಹಾಕಿದರೆ ಮೊರೆಯ ಬಿಸಿ ಹೋಗುತ್ತದೆ. ಅರ್ಜಿಯ ಕೊನೆಗೂ ‘ಕ್ರಮ ಕೈಗೊಳ್ಳುವಿರೆಂದು ನಂಬಿದ್ದೇನೆ’ ಎಂದೇ ಬರೆಯುವುದು ಚೆನ್ನ. ‘ಅವನ ಮಾತು ನಂಬಿಕೊಂಡು ಕೆಲಸ ಬಿಟ್ಟೆ’ ಎಂಬಲ್ಲಿ ‘ಕೊಂಡು’ ಸೇರಿದ್ದರಿಂದ, ಆ ನಂಬಿಕೆಯ ಆಧಾರದ ಮೇಲೆಯೇ ಹೆಜ್ಜೆ ಇಟ್ಟದ್ದೂ ಅದರ ಫಲ ತನಗೇ ತಟ್ಟಿದ್ದೂ ತಿಳಿಯುತ್ತದೆ. ನಿಷೇಧದಲ್ಲೂ ಎಚ್ಚರ ಬೇಕು: ‘ನಂಬುವುದಿಲ್ಲ’ ನಿರಾಕರಣೆ, ‘ನಂಬೋಕೇ ಆಗ್ತಿಲ್ಲ’ ಬೆರಗು, ಸಿಹಿ ಸುದ್ದಿಗೂ ಸಲ್ಲುತ್ತದೆ.

‘ನಂಬಿದ ಗೆಳೆಯ’ ಎಂಬುದಕ್ಕೆ ಎರಡು ಅರ್ಥ: ನಂಬಿದವನೂ ಆಗಬಹುದು, ನಂಬಿಕೆಗೆ ಪಾತ್ರನಾದವನೂ ಆಗಬಹುದು. ‘ನಂಬಿದ ಬಂಟ’ದಂಥ ರೂಢಿಯ ಮಾತಿನಲ್ಲಿ ಗೊಂದಲವಿಲ್ಲ, ಅವನು ನಂಬಿಕೆಗೆ ಪಾತ್ರನಾದವನೇ. ಉಳಿದೆಡೆ ‘ನಾನು ನಂಬಿದ ಗೆಳೆಯ’ ಅಥವಾ ‘ನನ್ನನ್ನು ನಂಬಿದ ಗೆಳೆಯ’ ಎಂದು ಬಿಡಿಸಿ ಬರೆಯಿರಿ.

‘ನಂಬಿಸು’ ಪ್ರೇರಣಾರ್ಥಕ ರೂಪ, ಆದರೆ ಅದಕ್ಕೆ ಮೋಸದ ವಾಸನೆ ಅಂಟಿದೆ. ‘ನಂಬಿಸಿ ಕತ್ತು ಕೊಯ್ದ’ ಎನ್ನುವುದು ಸುಮ್ಮನೆ ಅಲ್ಲ. ವೈದ್ಯರು ರೋಗಿಗೆ ಚಿಕಿತ್ಸೆಯ ಅಗತ್ಯವನ್ನು ತಿಳಿಸಿದ್ದನ್ನು ‘ನಂಬಿಸಿದರು’ ಎಂದು ಬರೆದರೆ ಅನುಮಾನ ಹುಟ್ಟುತ್ತದೆ. ಅಲ್ಲಿ ‘ಮನವರಿಕೆ ಮಾಡಿಕೊಟ್ಟರು’ ಎನ್ನಿ.

ಹತ್ತಿರದ ಪದಗಳನ್ನು ಕಣ್ಣು ಮುಚ್ಚಿ ಅದಲುಬದಲು ಮಾಡಬೇಡಿ. ‘ವಿಶ್ವಾಸ’ದಲ್ಲಿ ಅಕ್ಕರೆಯೂ ಇದೆ: ‘ವಿಶ್ವಾಸದಿಂದ ಮಾತಾಡಿಸಿದರು’. ‘ಭರವಸೆ’ಯನ್ನು ಇನ್ನೊಬ್ಬರಿಗೆ ಕೊಡಬಹುದು, ನಂಬಿಕೆಯನ್ನು ಹಾಗೆ ಕೊಡಲಾಗದು. ‘ನೆಚ್ಚು’ ಬದುಕಿಗೆ ಆಸರೆ ಮಾಡಿಕೊಂಡದ್ದಕ್ಕೆ ಒಗ್ಗುತ್ತದೆ: ‘ಮಳೆ ನೆಚ್ಚಿಕೊಂಡ ಬೇಸಾಯ’. ಅದರಿಂದ ಬಂದ ‘ನೆಚ್ಚಿನ’ ಮಾತ್ರ ಈಗ ಮೆಚ್ಚಿನ ಎಂಬ ಅರ್ಥದಲ್ಲೇ ಹೆಚ್ಚು ಓಡಾಡುತ್ತಿದೆ.